ತಳವೂರುವ ಎಚ್‌ಪಿವಿ ಸೋಂಕು: ಐಹೊಳೆ ಸೀಮೆಯಲ್ಲಿ ತಡೆ ಮತ್ತು ಆರೈಕೆ

ಮಾನವ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಮನುಷ್ಯರ ಚರ್ಮದಲ್ಲೂ ಬಾಯಿ, ಗಂಟಲು, ಜನನಾಂಗಗಳ ತೇವದ ಪೊರೆಯಲ್ಲೂ ನೆಲೆ ಮಾಡಿಕೊಳ್ಳುವ ವೈರಸ್‌ಗಳ ದೊಡ್ಡ ಬಳಗ. ಈವರೆಗೆ ಇದರ 200ಕ್ಕೂ ಹೆಚ್ಚು ಬಗೆಗಳು ಪತ್ತೆಯಾಗಿವೆ. ಕೈಬೆರಳಿನ ನರೂಲಿಗೂ ಗರ್ಭಕಂಠದ ಕ್ಯಾನ್ಸರಿಗೂ ಇದೇ ಬಳಗದ ಬೇರೆ ಬೇರೆ ಬಗೆಗಳು ಕಾರಣ. 6 ಮತ್ತು 11ನೆಯ ಬಗೆಗಳಿಂದ ಜನನಾಂಗದ ಮೇಲೆ ನರೂಲಿ ಏಳುತ್ತದೆ. ಮುಜುಗರ ತಂದರೂ ಅದು ಜೀವಕ್ಕೆ ಎರವಾಗುವುದಿಲ್ಲ. 16 ಮತ್ತು 18ನೆಯವು ಹಾಗಲ್ಲ. ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಶೇ 70ರಷ್ಟು ಈ ಎರಡರಿಂದಲೇ ಬರುತ್ತವೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂದಿತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು.

ಈ ಅಂಕಿಗಳ ಜೊತೆಗೇ ಹೇಳಬೇಕಾದ ಮಾತೊಂದಿದೆ. ಎಚ್‌ಪಿವಿ ತಗಲುವುದೇ ರೋಗವಲ್ಲ. ದಾಂಪತ್ಯ ಆರಂಭವಾದ ಗಂಡು ಹೆಣ್ಣುಗಳಲ್ಲಿ ಬಹುಪಾಲು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ತಗಲಿರುತ್ತದೆ, ಹತ್ತರಲ್ಲಿ ಒಂಬತ್ತು ಮಂದಿಯ ಮೈಯಿಂದ ಎರಡು ವರ್ಷದೊಳಗೆ ತಾನಾಗಿಯೇ ಹೋಗಿಬಿಡುತ್ತದೆ. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಅಪಾಯವಿರುವುದು ಹೋಗದೆ ಉಳಿಯುವ, ವರ್ಷಗಟ್ಟಲೆ ಒಂದೇ ಕಡೆ ತಳವೂರುವ ಸೋಂಕಿನಲ್ಲಿ. ತಳವೂರಿದ ಮೇಲೂ ಅದು ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಇಷ್ಟು ಸಮಯ ಕೊಡುವ ಕ್ಯಾನ್ಸರ್ ಬಹಳ ಇಲ್ಲ. ಈ ಸಮಯ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ, ಮಲಪ್ರಭೆಯ ದಂಡೆಯ ಐಹೊಳೆಯ ಸುತ್ತಿನ ಹುನಗುಂದ, ಇಳಕಲ್ಲ, ಬಾದಾಮಿ ಸೀಮೆಯಲ್ಲಿ, ಎಲ್ಲಿ ಪೋಲಾಗುತ್ತದೆ, ಹೇಗೆ ಉಳಿಸಿಕೊಳ್ಳಬಹುದು ಎಂಬುದೇ ಈ ಲೇಖನದ ವಿಷಯ.

ಸೋಂಕು ತಳವೂರುವ ಬಗೆ

ಗರ್ಭಚೀಲದ ಬಾಯಿಗೆ ಗರ್ಭಕಂಠ ಎಂದು ಹೆಸರು. ಅಲ್ಲಿ ಹೊರಮೈಯ ಗಟ್ಟಿ ಪದರವೂ ಒಳಗಿನ ಮೆತ್ತನೆಯ ಪದರವೂ ಕೂಡುವ ಒಂದು ವಲಯವಿದೆ. ಹರೆಯದಲ್ಲಿ, ಬಸಿರಿನಲ್ಲಿ ಈ ವಲಯ ಸದಾ ಮಾರ್ಪಡುತ್ತಿರುತ್ತದೆ. ಕಣ್ಣಿಗೆ ಕಾಣದ ತರಚಿನ ಮೂಲಕ ವೈರಸ್ ಒಳಹೊಕ್ಕು ಪದರದ ತಳದ ಜೀವಕೋಶಗಳನ್ನು ಸೇರುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ಕೋಶಗಳನ್ನು ಒಡೆಯುವುದಿಲ್ಲ, ಉರಿಯೂತ ಎಬ್ಬಿಸುವುದಿಲ್ಲ. ಹಾಗಾಗಿ ಮೈಯ ರೋಗನಿರೋಧಕ ಪಡೆಗೆ ಸುಳಿವು ಸಿಗುವುದೇ ನಿಧಾನ. ಜ್ವರವಿಲ್ಲ, ನೋವಿಲ್ಲ. ಹಳ್ಳಿಯ ಹೆಂಗಸು ‘ನನಗೇನೂ ತ್ರಾಸಿಲ್ಲ’ ಎಂದರೆ ಆಕೆ ನಿಜವನ್ನೇ ಹೇಳುತ್ತಿದ್ದಾಳೆ. ತ್ರಾಸು ಕಾಣಿಸದಿರುವುದು ಈ ಸೋಂಕಿನ ಗುಣ.

ವೈರಸ್ಸಿನ ಇ6 ಮತ್ತು ಇ7 ಎಂಬ ಎರಡು ಪ್ರೋಟೀನುಗಳು ಮುಂದಿನ ಹಾನಿಗೆ ಕಾರಣ. ಕೋಶ ಕೆಟ್ಟರೆ ಅದನ್ನು ತಡೆದು ನಿಲ್ಲಿಸುವ ಪಿ53 ಎಂಬ ಕಾವಲು ಪ್ರೋಟೀನನ್ನು ಇ6 ನಾಶ ಮಾಡುತ್ತದೆ. ಕೋಶ ಮಿತಿಮೀರಿ ವಿಭಜನೆಗೊಳ್ಳದಂತೆ ಹಿಡಿದಿಡುವ ಇನ್ನೊಂದು ಕಾವಲನ್ನು ಇ7 ಕಟ್ಟಿಹಾಕುತ್ತದೆ. ಸೋಂಕು ಬೇಗ ತೊಲಗಿದರೆ ಕೋಶಗಳು ಮೊದಲಿನಂತಾಗುತ್ತವೆ. ವರ್ಷಗಟ್ಟಲೆ ಉಳಿದರೆ ಕ್ಯಾನ್ಸರಿನ ಮುಂಚಿನ ಸ್ಥಿತಿಗಳು ಹಂತಹಂತವಾಗಿ ಮೂಡುತ್ತವೆ. ವೈದ್ಯರು ಇವನ್ನು ಸಿಐಎನ್ 1, 2, 3 ಎಂದು ಕರೆಯುತ್ತಾರೆ. ಮೊದಲನೆಯದು ಬಹುತೇಕ ತಾನೇ ವಾಸಿಯಾಗುತ್ತದೆ. ಮೂರನೆಯದಕ್ಕೆ ಚಿಕಿತ್ಸೆ ಕೊಡದೆ ಬಿಟ್ಟರೆ 30 ವರ್ಷದಲ್ಲಿ ಹತ್ತರಲ್ಲಿ ಮೂವರಿಗೆ ಕ್ಯಾನ್ಸರ್ ಬರುತ್ತದೆಂದು ನ್ಯೂಜಿಲೆಂಡಿನ ದೀರ್ಘಕಾಲದ ದಾಖಲೆಗಳಿಂದ ತಿಳಿದಿದೆ. ಈ ವೈರಸ್ಸಿಗೂ ಗರ್ಭಕಂಠದ ಕ್ಯಾನ್ಸರಿಗೂ ಇರುವ ನಂಟನ್ನು 1980ರ ದಶಕದಲ್ಲಿ ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಒಬ್ಬರಲ್ಲಿ ಹೋಗುವ ಸೋಂಕು ಇನ್ನೊಬ್ಬರಲ್ಲಿ ಯಾಕೆ ಉಳಿಯುತ್ತದೆ? 16ನೆಯ ಬಗೆಗೆ ಉಳಿಯುವ ಶಕ್ತಿಯೇ ಹೆಚ್ಚು. ಧೂಮಪಾನ, ಎಳೆಯ ವಯಸ್ಸಿನ ದಾಂಪತ್ಯ, ಮೇಲಿಂದ ಮೇಲೆ ಹೆರಿಗೆ, ಇತರ ಲೈಂಗಿಕ ಸೋಂಕುಗಳು ಅದಕ್ಕೆ ಅನುಕೂಲ ಮಾಡಿಕೊಡುತ್ತವೆ. ಇವೆಲ್ಲಕ್ಕಿಂತ ಮಿಗಿಲಾದದ್ದು ಎಚ್‌ಐವಿ. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಆರು ಪಟ್ಟು. ಚಿಕಿತ್ಸೆ ಇಲ್ಲದೆ ರೋಗನಿರೋಧಕ ಶಕ್ತಿ ಕುಂದಿದ್ದರೆ 15–20 ವರ್ಷದ ದಾರಿ 5–10 ವರ್ಷಕ್ಕೆ ಇಳಿಯಬಹುದು.

ಈ ಸೀಮೆಯ ಹಿನ್ನೆಲೆ

ಬಾಗಲಕೋಟೆಯಲ್ಲಿ ಎಚ್‌ಐವಿಯ ಮಾತು ದೂರದ ಮಾತಲ್ಲ. 1997ರಲ್ಲಿ ವಿಜಯಪುರದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ 2003ರ ಸುಮಾರಿಗೆ ಸಾಮಾನ್ಯ ಜನರ ನಡುವೆ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಎಚ್‌ಐವಿ ಕಂಡುಬಂದಿತ್ತು. ಆಗ ಅದು ದೇಶದ ಗಮನ ಸೆಳೆದ ಸಂಗತಿ. ಭಾರತ–ಕೆನಡಾ ಸಹಯೋಗದ ಯೋಜನೆ, ಅದರ ಬೆನ್ನಿಗೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಹೆಂಗಸರೇ ಕಟ್ಟಿಕೊಂಡ ಸಂಘಗಳು ಇಲ್ಲಿ ಕೆಲಸ ಮಾಡಿದವು. ಎಆರ್‌ಟಿ ಎಂಬ ಎಚ್‌ಐವಿ ನಿಯಂತ್ರಣದ ಮಾತ್ರೆ ಬಂದ ಮೇಲೆ ಎಚ್‌ಐವಿ ಇರುವವರು ದೀರ್ಘಕಾಲ ಬಾಳುವಂತಾಯಿತು. ಆ ದಿನಗಳಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದ ಹೆಣ್ಣುಮಕ್ಕಳು ಈಗ ನಡುವಯಸ್ಸು ತಲುಪಿದ್ದಾರೆ, ಅಂದರೆ ಗರ್ಭಕಂಠದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸು. ಮಾತ್ರೆ ತರಲು ತಿಂಗಳು ತಿಂಗಳೂ ಎಆರ್‌ಟಿ ಕೇಂದ್ರಕ್ಕೆ ಹೋಗಿಬರುವವರಿಗೆ ಅದೇ ಕೇಂದ್ರದ ದಾರಿಯಲ್ಲಿ ಗರ್ಭಕಂಠದ ತಪಾಸಣೆಯೂ ಆಗಬೇಕು. ಎಚ್‌ಐವಿಯಿಂದ ಉಳಿಸಿಕೊಂಡ ಜೀವವನ್ನು ತಡೆಯಬಹುದಾದ ಕ್ಯಾನ್ಸರಿಗೆ ಬಿಟ್ಟುಕೊಡುವುದು ನ್ಯಾಯವಲ್ಲ.

ಈ ಸೀಮೆಯ ಎರಡನೆಯ ಸಮಸ್ಯೆ ಬಾಲ್ಯವಿವಾಹ. ಕಾನೂನು ಇದ್ದರೂ ಬಾಗಲಕೋಟೆ, ವಿಜಯಪುರ, ಕಲಬುರಗಿ ಭಾಗದಲ್ಲಿ ಅದು ಪೂರ್ತಿ ನಿಂತಿಲ್ಲ. ಗರ್ಭಕಂಠದ ಪದರ ಇನ್ನೂ ಬಲಿಯದ ವಯಸ್ಸಿನಲ್ಲಿ ಸೋಂಕು ತಗಲುತ್ತದೆ, ಆಮೇಲೆ ಮೂರ್ನಾಲ್ಕು ಹೆರಿಗೆ ಆಗುತ್ತವೆ, ಮೂವತ್ತಕ್ಕೆ ಕುಟುಂಬ ಯೋಜನೆ ಆಪರೇಷನ್ ಮುಗಿದಿರುತ್ತದೆ. ಅಲ್ಲಿಂದಾಚೆಗೆ ಆಸ್ಪತ್ರೆಗೆ ಹೋಗುವ ಕಾರಣವೇ ಆಕೆಗೆ ಉಳಿಯುವುದಿಲ್ಲ. ಕ್ಯಾನ್ಸರಿನ ಮುಂಚಿನ ಸ್ಥಿತಿ ಕಾಣಿಸಿಕೊಳ್ಳುವ ವರ್ಷಗಳೂ ಇವೇ.

ಮೂರನೆಯ ಸಮಸ್ಯೆಯನ್ನು ಬಿಡಿಸಿ ಹೇಳಬೇಕಾಗಿದೆ. ಉತ್ತರ ಕರ್ನಾಟಕದಲ್ಲಿ ‘ಚೀಲ ತೆಗೆಸುವುದು’ ಮನೆಮಾತಾಗಿಬಿಟ್ಟಿದೆ. ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ ಎಂದು ಹೋದ ಮೂವತ್ತರ ಹೆಂಗಸಿಗೆ ‘ಮುಂದೆ ಕ್ಯಾನ್ಸರ್ ಆದೀತು’ ಎಂಬ ಹೆದರಿಕೆ ಹುಟ್ಟಿಸಿ ಗರ್ಭಚೀಲ ತೆಗೆದ ಪ್ರಕರಣಗಳು ಕಲಬುರಗಿ ಜಿಲ್ಲೆಯಲ್ಲಿ 2015ರ ಸುಮಾರಿಗೆ ದೊಡ್ಡ ಸುದ್ದಿಯಾದವು. ಕರ್ನಾಟಕ ಜನಾರೋಗ್ಯ ಚಳವಳಿಯವರು ಅದನ್ನು ಬಯಲಿಗೆ ತಂದರು; ಅದರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಬಡ ಹೆಂಗಸರು. ಬಿಳಿ ಹೋಗುವುದಕ್ಕೆ ಹತ್ತು ಕಾರಣಗಳಿವೆ, ಅವುಗಳಲ್ಲಿ ಹೆಚ್ಚಿನವು ಮಾತ್ರೆಯಿಂದ ವಾಸಿಯಾಗುತ್ತವೆ. ಎಚ್‌ಪಿವಿ ಇದೆಯೆಂಬ ಒಂದೇ ಕಾರಣಕ್ಕೆ ಗರ್ಭಚೀಲ ತೆಗೆಯಬೇಕೆಂದು ವೈದ್ಯಶಾಸ್ತ್ರ ಎಲ್ಲೂ ಹೇಳುವುದಿಲ್ಲ.

ಬಾದಾಮಿಯ ಪುರಾತತ್ವ ಸಂಗ್ರಹಾಲಯದಲ್ಲಿ, ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಶಿಲ್ಪವಿದೆ: ಮುಖದ ಜಾಗದಲ್ಲಿ ಕಮಲ, ಹೆರಿಗೆಯ ಭಂಗಿಯ ಮೈ. ಹೆಣ್ಣಿನ ಒಡಲನ್ನು ಕಲ್ಲಿನಲ್ಲಿ ತೆರೆದಿಟ್ಟು ಪೂಜಿಸಿದ ನೆಲ ಇದು. ಇಲ್ಲಿಯ ಹೆಂಗಸು ಆ ಭಾಗದ ಬಗ್ಗೆ ದಾದಿಯ ಹತ್ತಿರವೂ ಬಾಯಿಬಿಡಲಾಗದ ಸ್ಥಿತಿ ಬಂದಿರುವುದು ನೋವಿನ ಸಂಗತಿ.

ಲಸಿಕೆ

ಸೋಂಕು ತಗಲುವ ಮೊದಲೇ ತಡೆಯುವುದಕ್ಕೆ ಲಸಿಕೆ ಇದೆ. ಇದರಲ್ಲಿ ವೈರಸ್ಸಿನ ಹೊರಚಿಪ್ಪಿನ ಪ್ರೋಟೀನ್ ಮಾತ್ರ ಇರುತ್ತದೆ. ಒಳಗಿನ ವಂಶವಸ್ತು ಇಲ್ಲದ್ದರಿಂದ ಲಸಿಕೆಯಿಂದ ಸೋಂಕಾಗಲಿ ಕ್ಯಾನ್ಸರಾಗಲಿ ಬರಲಾರದು. 2006ರಲ್ಲಿ ಮೊದಲ ಲಸಿಕೆ ಹೊರಬಂತು, 2008ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್‌ಗೆ 2022ರ ಜುಲೈನಲ್ಲಿ ಅನುಮತಿ ದೊರೆಯಿತು. ಅದು 6, 11, 16, 18 ಈ ನಾಲ್ಕು ಬಗೆಗಳನ್ನು ತಡೆಯುತ್ತದೆ. ಹುಡುಗಿಯರಿಗೂ ಹುಡುಗರಿಗೂ ಕೊಡಬಹುದು.

ಒಳ್ಳೆಯ ವಯಸ್ಸು 9ರಿಂದ 14. ಇದನ್ನು ಕೇಳಿದೊಡನೆ ತಾಯಂದಿರು ಕೇಳುವುದು ‘ಇಷ್ಟು ಸಣ್ಣ ಕೂಸಿಗೆ ಯಾಕ್ರೀ?’ ಎಂದು. ದಡಾರದ ಲಸಿಕೆಯನ್ನು ದಡಾರ ಬರುವ ಮುಂಚೆ ಹಾಕಿಸುತ್ತೇವೆ, ಇದೂ ಹಾಗೆಯೇ. ಈಗಾಗಲೇ ಒಳಗಿರುವ ವೈರಸ್ಸನ್ನು ಲಸಿಕೆ ಹೊರಹಾಕಲಾರದು. ಮದುವೆಗೆ ಎಷ್ಟೋ ವರ್ಷ ಮೊದಲು, ಮೈಯ ನಿರೋಧಕ ಶಕ್ತಿ ಚುರುಕಾಗಿರುವಾಗ ಕೊಟ್ಟರೆ ಫಲ ಪೂರ್ತಿ. ಈ ವಯಸ್ಸಿನವರಿಗೆ, 20 ವರ್ಷದವರೆಗೂ ಸಹ, ಒಂದೇ ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿತು. 21 ದಾಟಿದವರಿಗೆ 6 ತಿಂಗಳ ಅಂತರದಲ್ಲಿ ಎರಡು ಡೋಸ್. ಎಚ್‌ಐವಿ ಇರುವವರಿಗೆ ಕನಿಷ್ಠ ಎರಡು, ಆದರೆ ಮೂರೇ ಉತ್ತಮ. ಬಸುರಿಯರಿಗೆ ಕೊಡುವುದಿಲ್ಲ.

ಒಂದೇ ಡೋಸ್ ಸಾಕೆಂಬ ತೀರ್ಮಾನಕ್ಕೆ ಭಾರತದ ಹುಡುಗಿಯರೂ ಮುಖ್ಯ ಆಧಾರ ಒದಗಿಸಿದರು. ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ನೋಡಲು 2009ರಲ್ಲಿ ಇಲ್ಲಿ ದೊಡ್ಡ ಅಧ್ಯಯನ ಶುರುವಾಗಿತ್ತು. ಅದೇ ಹೊತ್ತಿಗೆ ಆಗಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾಗಳಲ್ಲಿ ಬೇರೊಂದು ಯೋಜನೆಯಡಿ ಲಸಿಕೆ ಪಡೆದ ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂದು, 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಆದರೆ ಪೋಷಕರ ಒಪ್ಪಿಗೆ ಪಡೆದ ರೀತಿಯಲ್ಲಿ ತಪ್ಪುಗಳಾಗಿದ್ದವು, ಸಂಸತ್ತಿನ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಟೀಕಿಸಿತು. ಅಧ್ಯಯನ ಅರ್ಧಕ್ಕೆ ನಿಂತದ್ದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ವರ್ಷಗಳ ಕಾಲ ಅವರನ್ನು ಗಮನಿಸಿದಾಗ 16 ಮತ್ತು 18ನೆಯ ಬಗೆಗಳ ತಳವೂರಿದ ಸೋಂಕಿನಿಂದ ಅವರಿಗೂ ಮೂರು ಡೋಸ್ ಪಡೆದವರಷ್ಟೇ ರಕ್ಷಣೆ ಇರುವುದು ಕಂಡಿತು. ಲಸಿಕೆ ಒಳ್ಳೆಯದಾದರೂ ಒಪ್ಪಿಗೆ ಕೇಳದೆ, ತಿಳಿಸಿ ಹೇಳದೆ ಕೊಡಬಾರದು ಎಂಬುದನ್ನು ಆ ಪ್ರಕರಣದಿಂದ ಪ್ರತಿ ಶಾಲೆಯೂ ಪ್ರತಿ ಆರೋಗ್ಯ ಕೇಂದ್ರವೂ ಕಲಿಯಬೇಕು.

ಪಂಜಾಬ್ 2016ರಲ್ಲಿ, ಸಿಕ್ಕಿಂ 2018ರಲ್ಲಿ ಶಾಲೆಗಳ ಮೂಲಕ ಈ ಲಸಿಕೆ ಆರಂಭಿಸಿದವು. ರಾಷ್ಟ್ರೀಯ ಲಸಿಕಾ ಸಲಹಾ ತಂಡ 2022ರಲ್ಲಿ ಇಡೀ ದೇಶಕ್ಕೆ ಶಿಫಾರಸು ಮಾಡಿತು. ಫಲದ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ: ಸ್ವೀಡನ್ನಿನಲ್ಲಿ 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಇಳಿದಿದೆ. ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಕನ್ನಡ ಪೋಷಕರು ಈ ಲಸಿಕೆಯನ್ನು ಹೇಗೆ ಕಾಣುತ್ತಾರೆಂದು ಅಧ್ಯಯನ ಮಾಡಿದೆ. ಅಂಥ ಕೆಲಸ ಉತ್ತರ ಕರ್ನಾಟಕದಲ್ಲೂ ಆಗಬೇಕು, ಇಲ್ಲಿಯ ಮಾತಿನಲ್ಲೇ ಆಗಬೇಕು.

ತಪಾಸಣೆ

ಈಗ ಮೂವತ್ತು ದಾಟಿರುವ ಹೆಂಗಸರಿಗೆ ಲಸಿಕೆಯ ಪೂರ್ತಿ ಫಲ ಸಿಗುವ ಕಾಲ ಮುಗಿದಿದೆ. ಅವರನ್ನು ಮುಖ್ಯವಾಗಿ ಕಾಯುವುದು ತಪಾಸಣೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಹೆಂಗಸರೆಲ್ಲರಿಗೂ ಐದು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ಆಗಬೇಕು. ಆಗುತ್ತಿರುವುದು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ಶೇ 1.9 ಮಾತ್ರ. ಕರ್ನಾಟಕದಲ್ಲಿ ಅದು ಶೇ 1ನ್ನೂ ಮುಟ್ಟಿರಲಿಲ್ಲ.

ಸರ್ಕಾರಿ ಕೇಂದ್ರಗಳಲ್ಲಿ ಮಾಡುವ ವಿಐಎ ಪರೀಕ್ಷೆಯನ್ನು ಹತ್ತಿರದಿಂದ ನೋಡಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ಹೆಂಗಸು ಪರದೆಯ ಹಿಂದೆ ಮೇಜಿನ ಮೇಲೆ ಮೊಣಕಾಲು ಮಡಚಿ ಮಲಗುತ್ತಾಳೆ. ದಾದಿ ಕೈಗವಸು ಹಾಕಿಕೊಂಡು ಸ್ಪೆಕ್ಯುಲಮ್ ಎಂಬ ಸಾಧನದಿಂದ ದಾರಿ ಬಿಡಿಸಿ, ದೀಪದ ಬೆಳಕು ಬಿಟ್ಟು ಗರ್ಭಕಂಠವನ್ನು ಕಣ್ಣಿಗೆ ತಂದುಕೊಳ್ಳುತ್ತಾಳೆ. ಶೇ 5ರ ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಅದರ ಮೇಲೆ ಒತ್ತಿ ಹಿಡಿಯುತ್ತಾಳೆ. ಅಡುಗೆಯ ವಿನೆಗರಿನಲ್ಲಿ ಇರುವುದೂ ಇದೇ ಆಮ್ಲ. ಒಂದು ನಿಮಿಷ ಕಾಯಬೇಕು. ಆರೋಗ್ಯವಂತ ಪದರ ಎಳೆಗೆಂಪಾಗಿಯೇ ಉಳಿಯುತ್ತದೆ. ಕೋಶಗಳು ಕೆಟ್ಟ ಜಾಗ, ಗೋಡೆಗೆ ಸುಣ್ಣ ಬಳಿದ ಹಾಗೆ, ಅಂಚು ಕಾಣುವಂತೆ ಬೆಳ್ಳಗಾಗುತ್ತದೆ. ಸ್ವಲ್ಪ ಚುರುಗುಟ್ಟಬಹುದು. ಸೂಜಿ ಇಲ್ಲ, ಕೊಯ್ತ ಇಲ್ಲ, ಹತ್ತು ನಿಮಿಷಕ್ಕೆ ಎದ್ದು ಮನೆಗೆ ಹೋಗಬಹುದು. ಮುಟ್ಟಿನ ದಿನಗಳಲ್ಲಿ ಇದನ್ನು ಮಾಡುವುದಿಲ್ಲ. ಮುಟ್ಟು ನಿಂತವರಲ್ಲಿ ಆ ವಲಯ ಒಳಕ್ಕೆ ಸರಿದಿರುವುದರಿಂದ ಈ ಪರೀಕ್ಷೆ ಅಷ್ಟಾಗಿ ಹೊಂದುವುದಿಲ್ಲ.

ಇದಕ್ಕಿಂತ ಮೇಲಾದದ್ದು ವೈರಸ್ಸಿನ ಡಿಎನ್‌ಎಯನ್ನೇ ಹುಡುಕುವ ಪರೀಕ್ಷೆ. ಇದಕ್ಕೆ ಬಲವಾದ ಸಾಕ್ಷಿ ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳ ಗಡಿಯಾಚೆಗೇ ಸಿಕ್ಕಿತು. ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1,31,746 ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಬದುಕಿನಲ್ಲಿ ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಹಳ್ಳಿಗಳಲ್ಲಿ ಎಂಟು ವರ್ಷದಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ಬಂದವರಲ್ಲಿ ಒಬ್ಬರೂ ಈ ಕ್ಯಾನ್ಸರಿನಿಂದ ಸಾಯಲಿಲ್ಲ. ಅವರೂ ನಮ್ಮ ಹುನಗುಂದ, ಬಾದಾಮಿಯವರಂತೆ ಜೋಳ ಬೆಳೆಯುವ, ಕೂಲಿಗೆ ಹೋಗುವ ಹೆಂಗಸರು. ಅಲ್ಲಿ ಆದದ್ದು ಇಲ್ಲಿ ಆಗುವುದಿಲ್ಲ ಎನ್ನುವುದಕ್ಕೆ ಯಾವ ಕಾರಣವೂ ಇಲ್ಲ.

30 ದಾಟಿದವರಿಗೆ 5ರಿಂದ 10 ವರ್ಷಕ್ಕೊಮ್ಮೆ, ಎಚ್‌ಐವಿ ಇರುವವರಿಗೆ 25ರಿಂದಲೇ 3ರಿಂದ 5 ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ. ಇದರಲ್ಲಿ ಇನ್ನೊಂದು ಅನುಕೂಲವುಂಟು: ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಳ್ಳಬಹುದು. ಮೆತ್ತನೆಯ ಕಡ್ಡಿಯನ್ನು ಒಳಗಿಟ್ಟು ತಿರುಗಿಸಿ, ನಳಿಕೆಯಲ್ಲಿ ಹಾಕಿ ಕೊಟ್ಟರೆ ಮುಗಿಯಿತು. ನಾಚಿಕೆಯಿಂದ ಹಿಂಜರಿಯುವವರಿಗೆ, ದಿನದ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಸರತಿ ನಿಲ್ಲಲಾಗದ ಇಳಕಲ್ಲಿನ ನೇಕಾರಗಿತ್ತಿಗೆ, ಗ್ರಾನೈಟ್ ಕೆಲಸದವಳಿಗೆ ಇದರಷ್ಟು ಹೊಂದುವ ದಾರಿ ಬೇರೆ ಕಾಣುವುದಿಲ್ಲ. ಗೋವಾದಲ್ಲಿ ತಯಾರಾಗುವ, ಕ್ಷಯದ ಪರೀಕ್ಷೆಗೆ ಬಳಸುವ ಟ್ರೂನ್ಯಾಟ್ ಯಂತ್ರದಲ್ಲಿಯೇ ಎಚ್‌ಪಿವಿಯನ್ನೂ ಪತ್ತೆ ಮಾಡಬಹುದು. ತಾಲ್ಲೂಕು ಮಟ್ಟದಲ್ಲಿ ಇದು ಸಿಗುವಂತಾಗಬೇಕು.

ವೈರಸ್ ಕಂಡರೆ ಮುಂದೇನು

ವರದಿಯಲ್ಲಿ ‘ಪಾಸಿಟಿವ್’ ಎಂದು ಬಂದ ದಿನ ಮನೆಯಲ್ಲಿ ಮೊದಲು ಹುಟ್ಟುವುದು ಸಂಶಯ. ಯಾರಿಂದ ಬಂತು, ಯಾವಾಗ ಬಂತು ಎಂಬ ಪ್ರಶ್ನೆಗೆ ಯಾವ ಪರೀಕ್ಷೆಯೂ ಉತ್ತರ ಹೇಳುವುದಿಲ್ಲ. ಈ ವೈರಸ್ ಹತ್ತಾರು ವರ್ಷ ಸುಮ್ಮನೆ ಇದ್ದು ಆಮೇಲೆ ಕಾಣಿಸಿಕೊಳ್ಳಬಹುದು. ಇದು ನಡತೆಯ ಪ್ರಮಾಣಪತ್ರವಲ್ಲ, ಗಂಡನದೂ ಅಲ್ಲ ಹೆಂಡತಿಯದೂ ಅಲ್ಲ. ಆಶಾ ಕಾರ್ಯಕರ್ತೆಯರು ವರದಿ ಕೈಗೆ ಕೊಡುವ ಮೊದಲು ಈ ಮಾತನ್ನು ಹೇಳಬೇಕು, ಆದರೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಳ್ಳುವುದು ತಪಾಸಣೆಯಾದ ಹೆಂಗಸು ಒಪ್ಪಿದರೆ ಮಾತ್ರ.

ವೈರಸ್ಸನ್ನೇ ಕೊಲ್ಲುವ ಮಾತ್ರೆ, ಇಂಜೆಕ್ಷನ್ ಇಲ್ಲ. ಅದನ್ನು ತೊಲಗಿಸುವುದಾಗಿ ಹೇಳಿ ಮಾರುವ ಪುಡಿ, ಕಷಾಯಗಳಿಗೆ ದುಡ್ಡು ಸುರಿಯಬೇಕಾಗಿಲ್ಲ. ಚಿಕಿತ್ಸೆ ವೈರಸ್ಸಿಗಲ್ಲ, ಅದು ಕೆಡಿಸಿದ ಪದರಕ್ಕೆ. ಪಾಸಿಟಿವ್ ಬಂದವರ ಗರ್ಭಕಂಠವನ್ನು ವಿಐಎ ಅಥವಾ ಹಿಗ್ಗಿಸಿ ತೋರಿಸುವ ಕಾಲ್ಪೊಸ್ಕೋಪಿಯಿಂದ ನೋಡುತ್ತಾರೆ. ಏನೂ ಕಾಣದಿದ್ದರೆ ಎರಡು ವರ್ಷ ಬಿಟ್ಟು ಮತ್ತೆ ಪರೀಕ್ಷೆ, ಎಚ್‌ಐವಿ ಇದ್ದರೆ ಒಂದೇ ವರ್ಷಕ್ಕೆ. ಅಷ್ಟರೊಳಗೆ ಬಹಳ ಮಂದಿಯಲ್ಲಿ ಸೋಂಕು ಹೋಗಿರುತ್ತದೆ. ಹೋಗದೆ ಉಳಿದಿದ್ದರೆ ಅದೇ ತಳವೂರಿದ ಸೋಂಕು, ಅವರನ್ನು ಕೈಬಿಡದೆ ನೋಡಬೇಕು.

ಕೆಟ್ಟ ಜಾಗ ಕಂಡರೆ ಸಣ್ಣ ಚಿಕಿತ್ಸೆಗಳು ಸಾಕು. ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯ ಸಲಾಕೆಯನ್ನು 20–30 ಸೆಕೆಂಡು ತಾಗಿಸಿ ಆ ಪದರವನ್ನು ಸುಡುವುದು ಒಂದು ವಿಧಾನ, ಅನಿಲದಿಂದ ಹೆಪ್ಪುಗಟ್ಟಿಸುವುದು ಇನ್ನೊಂದು. ಇವಕ್ಕೆ ಮೈ ಮರೆಸುವುದೂ ಬೇಕಿಲ್ಲ, ರಾತ್ರಿ ಆಸ್ಪತ್ರೆಯಲ್ಲಿ ಉಳಿಯುವುದೂ ಬೇಕಿಲ್ಲ. ಜಾಗ ದೊಡ್ಡದಿದ್ದರೆ, ಒಳಕ್ಕೆ ಹಬ್ಬಿದ್ದರೆ ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಅಷ್ಟನ್ನೇ ಕತ್ತರಿಸಿ ತೆಗೆಯುತ್ತಾರೆ, ಇದಕ್ಕೆ ಲೀಪ್ ಎಂದು ಹೆಸರು. ಗರ್ಭಚೀಲ ಹಾಗೆಯೇ ಉಳಿಯುತ್ತದೆ, ಮಕ್ಕಳಾಗುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೆಲವು ವಾರ ನೀರು ನೀರಾಗಿ ಸ್ರಾವವಾಗುತ್ತದೆ, ಒಂದು ತಿಂಗಳು ಗಂಡನಿಂದ ದೂರವಿರಬೇಕು. ವರ್ಷದ ಬಳಿಕ ಮರುಪರೀಕ್ಷೆ ಕಡ್ಡಾಯ. ಚಿಕಿತ್ಸೆಯಾಯಿತು, ಇನ್ನು ಹೋಗಬೇಕಿಲ್ಲ ಎಂದುಕೊಂಡು ಮರುಪರೀಕ್ಷೆ ತಪ್ಪಿಸುವವರಲ್ಲಿ ರೋಗ ಮರಳಿದರೂ ಗೊತ್ತಾಗುವುದಿಲ್ಲ. ಬೀಡಿ, ಸಿಗರೇಟು ಸೇದುವವರು ಬಿಟ್ಟರೆ ಸೋಂಕು ಕಳೆಯುವ ಸಂಭವ ಹೆಚ್ಚು; ಕಾಂಡೋಮ್ ಪೂರ್ತಿಯಲ್ಲದಿದ್ದರೂ ತಕ್ಕಮಟ್ಟಿನ ರಕ್ಷಣೆ ಕೊಡುತ್ತದೆ.

ಕ್ಯಾನ್ಸರೇ ಆಗಿದ್ದರೂ ಮೊದಲ ಹಂತದಲ್ಲಿ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ, ವಿಕಿರಣದಿಂದ ವಾಸಿಯಾಗುತ್ತದೆ. ಈ ಸೀಮೆಯವರಿಗೆ ಬಾಗಲಕೋಟೆ ನವನಗರದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ, ಕಿದ್ವಾಯಿ ಸಂಸ್ಥೆಯ ಬೆಂಗಳೂರು ಮತ್ತು ಕಲಬುರಗಿ ಕೇಂದ್ರಗಳು ಇವೆ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಐಹೊಳೆಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ವಿಕಿರಣ ಚಿಕಿತ್ಸೆ ವಾರಗಟ್ಟಲೆ ನಡೆಯುವುದರಿಂದ ಕೂಲಿ, ಮಕ್ಕಳು, ದನ ಎಲ್ಲ ಬಿಟ್ಟು ಅಲ್ಲಿ ಉಳಿಯಬೇಕು. ಅರ್ಧಕ್ಕೇ ಬಿಟ್ಟು ಬರುವವರು ಈ ಕಾರಣಕ್ಕೆ ಬರುತ್ತಾರೆ. ಉಳಿಯುವ ಜಾಗಕ್ಕೂ ಬಸ್ಸಿನ ಖರ್ಚಿಗೂ ಊರು, ಸ್ವಸಹಾಯ ಸಂಘ, ಪಂಚಾಯಿತಿ ಜೊತೆ ನಿಂತರೆ ಚಿಕಿತ್ಸೆ ಪೂರ್ತಿಯಾಗುತ್ತದೆ.

ತಪಾಸಣೆಗೆ ತ್ರಾಸು ಆಗುವವರೆಗೆ ಕಾಯಬಾರದು. ಆದರೆ ಕೆಲವು ತ್ರಾಸುಗಳು ಕಂಡರೆ ಒಂದು ದಿನವೂ ಕಾಯಬಾರದು: ಗಂಡನೊಡನೆ ಸೇರಿದ ಮೇಲೆ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ರಕ್ತ ಹೋಗುವುದು, ದುರ್ವಾಸನೆಯ ಅಥವಾ ರಕ್ತ ಬೆರೆತ ಬಿಳಿ ಹೋಗುವುದು. ಮುಟ್ಟು ನಿಂತು ವರ್ಷ ಕಳೆದ ತಾಯಿಗೋ ಅತ್ತೆಗೋ ಸೀರೆಯ ಮೇಲೆ ಒಂದು ಹನಿ ರಕ್ತ ಕಂಡರೂ, ಮುಟ್ಟು ತಿರುಗಿ ಬಂತು ಎಂದು ಸುಮ್ಮನಾಗಬೇಡಿ. ಅದೇ ವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ.